ನಿಘಂಟಿನ ಇಂಗ್ಲಿಷು, ನಾಲಗೆಯ ಇಂಗ್ಲಿಷು: ಕನ್ನಡಿಗರ ದಿನಬಳಕೆಯ ಇಂಗ್ಲಿಷ್ ಕಲಿಕೆಯ ಚರಿತ್ರೆಗೆ ಒಂದು ಪ್ರವೇಶ

1

ಕನ್ನಡನಾಡಿನಲ್ಲಿ ಇಂಗ್ಲಿಷ್ ಶಿಕ್ಷಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದನ್ನು ಸರ್ಕಾರದ ಆಜ್ಞೆಗಳ, ಶಾಲೆ ಕಾಲೇಜುಗಳ ಹಾಗೂ ಮಾಧ್ಯಮ ವಿವಾದದ ಚರಿತ್ರೆಯಾಗಿಯೇ ಬರೆದಿದ್ದಾರೆ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ತೆರೆದ ಇಂಗ್ಲಿಷ್ ಶಾಲೆ, 1835ರ ಮೆಕಾಲೆಯ ಟಿಪ್ಪಣಿ, 1854ರ ವುಡ್ ಆದೇಶ, 1857ರಲ್ಲಿ ಸ್ಥಾಪಿತವಾದ ಮುಂಬಯಿ ಮತ್ತು ಮದ್ರಾಸು ವಿಶ್ವವಿದ್ಯಾಲಯಗಳು: ಈ ಮೈಲಿಗಲ್ಲುಗಳು ಎಲ್ಲರಿಗೂ ಪರಿಚಿತವಾದವು. ಇವುಗಳ ಮಹತ್ವವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಸಾಮಾನ್ಯ ಪ್ರಶ್ನೆ ಈ ಚರಿತ್ರೆಗಳಲ್ಲಿ ಉತ್ತರ ಪಡೆಯದೆ ಉಳಿದಿದೆ. ಷೇಕ್ಸ್‌ಪಿಯರನನ್ನಾಗಲಿ ಮಿಲ್ಟನನನ್ನಾಗಲಿ ಓದುವ ಅಗತ್ಯವಿಲ್ಲದ ಕನ್ನಡಿಗನೊಬ್ಬ ಅಂಗಡಿಯಲ್ಲಿ, ಕಛೇರಿಯಲ್ಲಿ, ರೈಲು ನಿಲ್ದಾಣದಲ್ಲಿ ಬೇಕಾಗುವ ನಾಲ್ಕು ಇಂಗ್ಲಿಷ್ ಪದಗಳನ್ನೂ ನಾಲ್ಕು ನುಡಿಗಟ್ಟುಗಳನ್ನೂ ಹೇಗೆ ಕಲಿತ? ಯಾವ ಪುಸ್ತಕದಿಂದ, ಯಾರ ಬಾಯಿಂದ, ಯಾವ ಭಾಷೆಯ ಮೂಲಕ ಕಲಿತ?

ಪ್ರಸ್ತುತ ಲೇಖನದಲ್ಲಿ ನಾವು ಪ್ರತಿಪಾದಿಸಬಯಸುವುದು ಇಷ್ಟು. ಪದಗಳನ್ನು ಕಲಿತ ಚರಿತ್ರೆ ಬೇರೆ, ನುಡಿಗಟ್ಟುಗಳನ್ನು ಕಲಿತ ಚರಿತ್ರೆ ಬೇರೆ. ಕನ್ನಡವು ಇಂಗ್ಲಿಷಿನ ಪದಗಳನ್ನು ತನ್ನ ಹಳೆಯ ವ್ಯಾಕರಣಕ್ಕೆ ಒಗ್ಗಿಸಿಕೊಂಡು ಬಹು ಬೇಗ ತನ್ನವನ್ನಾಗಿ ಮಾಡಿಕೊಂಡಿತು. ನುಡಿಗಟ್ಟುಗಳಾದರೋ ತಮ್ಮೊಡನೆ ಒಂದು ಸಾಮಾಜಿಕ ಸಂಬಂಧವನ್ನೂ ಹೊತ್ತು ತಂದವು. ಮೊದಲನೆಯದಕ್ಕೆ ನಿಘಂಟುಗಳು ಸಾಕ್ಷಿಯಾಗಿವೆ. ಎರಡನೆಯದಕ್ಕೆ ಇರುವ ಸಾಕ್ಷಿ ಬಹುಪಾಲು ಜನರ ನೆನಪಿನಲ್ಲಿ ಮಾತ್ರ, ಅದರಲ್ಲಿಯೂ ವಿಶೇಷವಾಗಿ ಹೊರನಾಡಿನ ಕನ್ನಡಿಗರ ನೆನಪಿನಲ್ಲಿ ಇದೆ.

2

ಪರಭಾಷೆಯ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವ ಕ್ರಮ ಇಂಗ್ಲಿಷರಿಂದ ನಮಗೆ ಬಂದುದಲ್ಲ. ಇಮ್ಮಡಿ ನಾಗವರ್ಮನ 'ಅಭಿಧಾನವಸ್ತುಕೋಶ', 1398ರಲ್ಲಿ ರಚಿತವಾದ ಮಂಗರಾಜನ 'ಅಭಿನವಾಭಿಧಾನ' ಮೊದಲಾದ ಕೃತಿಗಳು ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಪದ್ಯರೂಪದ ಕೋಶಗಳು. ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ' ಹಳಗನ್ನಡದ ಪದಗಳನ್ನು ತನ್ನ ಕಾಲದ ಓದುಗರಿಗೆ ತಿಳಿಯಪಡಿಸುತ್ತದೆ. ಇವೆಲ್ಲಕ್ಕೂ ಹಿಂದೆ 'ಅಮರಕೋಶ'ದ ಮಾದರಿಯಿದೆ. ಸ್ವರ್ಗ, ಭೂಮಿ, ಮನುಷ್ಯ ಎಂದು ಲೋಕವನ್ನೇ ವರ್ಗಗಳಾಗಿ ವಿಂಗಡಿಸಿ, ಒಂದೊಂದು ವರ್ಗದ ಶಬ್ದಗಳನ್ನು ಛಂದಸ್ಸಿನಲ್ಲಿ ಪೋಣಿಸಿ, ಬಾಲಕರ ಕಂಠದಲ್ಲಿ ನೆಲೆಗೊಳಿಸುವುದು ಆ ಪದ್ಧತಿ.

ಇತರ ಭಾಷೆಗಳಲ್ಲಿಯೂ ಇದಕ್ಕೆ ಸಮಾನವಾದ ಪ್ರಯತ್ನಗಳಿದ್ದವು. ದೆಹಲಿಯ ಪರಂಪರೆಯಲ್ಲಿ ಅಮೀರ್ ಖುಸ್ರೋವಿನ ಹೆಸರಿನೊಡನೆ ಬೆಸೆದುಕೊಂಡಿರುವ 'ಖಾಲಿಕ್ ಬಾರಿ' ಎಂಬ ಕೃತಿ ಅರಬ್ಬೀ ಪಾರಸೀ ಶಬ್ದಗಳಿಗೆ ಹಿಂದವಿಯಲ್ಲಿ ಸಮಾನಪದಗಳನ್ನು ಪದ್ಯದಲ್ಲಿ ಕೊಡುತ್ತದೆ. ಅದರ ಕರ್ತೃತ್ವದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಮಕ್ಕಳಿಗೆ ಪಾರಸೀ ಪದಗಳನ್ನು ಕಲಿಸಲು ಅದು ತಲೆಮಾರುಗಳವರೆಗೆ ಬಳಕೆಯಲ್ಲಿತ್ತೆಂಬುದು ನಿರ್ವಿವಾದ. ಹದಿನೇಳನೆಯ ಶತಮಾನದಲ್ಲಿ ಶಿವಾಜಿಯ ಆಶ್ರಯದಲ್ಲಿ ಸಿದ್ಧವಾದ 'ರಾಜವ್ಯವಹಾರಕೋಶ' ಆಡಳಿತದಲ್ಲಿ ನೆಲೆಯೂರಿದ್ದ ಪಾರಸೀ ಶಬ್ದಗಳಿಗೆ ಸಂಸ್ಕೃತ ಪರ್ಯಾಯಗಳನ್ನು ವರ್ಗಕ್ರಮದಲ್ಲಿಯೇ ಒದಗಿಸುತ್ತದೆ. ಅಧಿಕಾರದ ಭಾಷೆ ಬದಲಾದಾಗಲೆಲ್ಲ ಕೋಶವೊಂದು ಹುಟ್ಟುತ್ತದೆ ಎಂಬುದಕ್ಕೆ ಇವು ನಿದರ್ಶನಗಳು. ಶಾನುಭೋಗರಿಗೂ ರಾಯಸದವರಿಗೂ ಪರಭಾಷೆಯ ಆಡಳಿತ ಶಬ್ದಗಳನ್ನು ಕಲಿಯುವುದು ಹೊಟ್ಟೆಪಾಡಿನ ವಿದ್ಯೆಯಾಗಿತ್ತು. ಇಂಗ್ಲಿಷು ಬಂದಾಗ ಅದನ್ನು ಎದುರುಗೊಂಡವರು ಈ ಅಭ್ಯಾಸವುಳ್ಳ ಜನರೇ ಆಗಿದ್ದರು.

3

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ಸಂಬಂಧದ ಪುಸ್ತಕಗಳು ಕನ್ನಡಿಗರಿಗಾಗಿ ಬರೆದವುಗಳಲ್ಲ. 1812ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಕಂಪನಿಯ ತರುಣ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸುವ ಉದ್ದೇಶದ್ದು. 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ, 1820ರಲ್ಲಿ ಮದ್ರಾಸಿನಲ್ಲಿ ಹೊರಬಂದ ಮೆಕೆರೆಲ್‌ನ ವ್ಯಾಕರಣ ಇವೆರಡೂ ಇಂಗ್ಲಿಷ್ ಬಲ್ಲವರಿಗೆ ಕನ್ನಡ ಕಲಿಸುವ ಗ್ರಂಥಗಳು. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಪ್ರಕಟಿಸಿದನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಮಹಾಕೋಶವೂ, ಅದನ್ನು ಆಧರಿಸಿ 1899ರಲ್ಲಿ ಬಂದ ಬುಖರರ ಶಾಲಾ ಕೋಶವೂ ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥವು.

ಇಲ್ಲಿ ಕೋಶದ ದಿಕ್ಕನ್ನು ಗಮನಿಸಬೇಕು. ಇಂಗ್ಲಿಷ್–ಕನ್ನಡ ಕೋಶವೊಂದು ಇಂಗ್ಲಿಷಿನವನಿಗೆ ಕನ್ನಡದಲ್ಲಿ ಮಾತಾಡಲು ನೆರವಾಗುತ್ತದೆ; ಅದೇ ಕೋಶ ಕನ್ನಡಿಗನ ಕೈಗೆ ಬಂದಾಗ ಇಂಗ್ಲಿಷನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆಯೇ ಹೊರತು ಆಡಲು ನೆರವಾಗುವುದಿಲ್ಲ. ಒಬ್ಬನಿಗೆ ಮಾತಿನ ಸಾಧನವಾದುದು ಇನ್ನೊಬ್ಬನಿಗೆ ಓದಿನ ಸಾಧನ. ಮುಂದೆ 1946ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಇಂಗ್ಲಿಷ್–ಕನ್ನಡ ನಿಘಂಟನ್ನು ಪ್ರಕಟಿಸಿದಾಗ ಅದು ಸ್ಪಷ್ಟವಾಗಿ ಕನ್ನಡಿಗರಿಗಾಗಿಯೇ ಸಿದ್ಧವಾದ ಕೃತಿಯಾಗಿತ್ತು. ಆದರೆ ಅಲ್ಲಿಯೂ ದಿಕ್ಕು ಅರ್ಥದ ಕಡೆಗೇ ಇತ್ತು.

ಮೆಟ್ರಿಕ್ಯುಲೇಷನ್ ಪರೀಕ್ಷೆ ಈ ಒಲವನ್ನು ಗಟ್ಟಿಗೊಳಿಸಿತು. ಕಠಿಣ ಪದಗಳ ಅರ್ಥ, ಅನುವಾದ, ಸಾರಾಂಶ ಇವು ಪರೀಕ್ಷೆಯಲ್ಲಿ ಬರುತ್ತಿದ್ದವು, ಸಂಭಾಷಣೆ ಬರುತ್ತಿರಲಿಲ್ಲ. ಈ ಮಾತಿಗೆ ನಮ್ಮ ಅನುಭವವೂ ಸಾಕ್ಷಿಯಾಗಬಲ್ಲದು. ಕನ್ನಡ ಮಾಧ್ಯಮದಲ್ಲಿ ಓದಿ, ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರಮಾಲೆಯನ್ನು ಕಂಡ ನಮಗೆ ಮೇಷ್ಟ್ರು ದಿನಕ್ಕೆ ಹತ್ತು ಪದಗಳನ್ನು ಅರ್ಥಸಹಿತ ಒಪ್ಪಿಸುವ ನೇಮ ಹಾಕಿದ್ದರು. ಆ ಬಲದಿಂದ ಮುಂದೆ ಇಂಗ್ಲಿಷಿನಲ್ಲಿರುವ ಸಂಶೋಧನ ಗ್ರಂಥಗಳನ್ನು ಓದಿದೆವು. ಆದರೆ ರಾಜ್ಯದ ಹೊರಗೆ ಮೊದಲ ಬಾರಿ ವಿಚಾರಸಂಕಿರಣವೊಂದಕ್ಕೆ ಹೋದಾಗ ಹಿರಿಯ ವಿದ್ವಾಂಸರೊಬ್ಬರು ಕೈಕುಲುಕುತ್ತ 'ಹೌ ಡೂ ಯು ಡೂ' ಎಂದರು. ನಾವು ಪ್ರಯಾಣದ ಆಯಾಸವನ್ನೂ ನೆಗಡಿಯನ್ನೂ ಕುರಿತು ಸವಿವರವಾಗಿ ನಿವೇದಿಸಿದೆವು. ಆ ಪ್ರಶ್ನೆಗೆ ಅದೇ ಪ್ರಶ್ನೆಯನ್ನು ಮರಳಿ ಹೇಳುವುದೇ ಉತ್ತರವೆಂದು ಯಾವ ನಿಘಂಟೂ ನಮಗೆ ತಿಳಿಸಿರಲಿಲ್ಲ. ನಮ್ಮ ತಲೆಮಾರಿನ ಅನೇಕರಿಗೆ ಇಂಥ ಪ್ರಸಂಗಗಳು ಒದಗಿರಬಹುದು.

4

ಕನ್ನಡಿಗರು ಇಂಗ್ಲಿಷನ್ನು ಒಂದೇ ಬಾಗಿಲಿನಿಂದ ಪ್ರವೇಶಿಸಲಿಲ್ಲ ಎಂಬುದು ಎರಡನೆಯ ಮುಖ್ಯ ಅಂಶ. 1956ರ ಏಕೀಕರಣದವರೆಗೆ ಕನ್ನಡದ ಪ್ರದೇಶಗಳು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು. ಮುಂಬಯಿ ಪ್ರಾಂತದ ಧಾರವಾಡ, ಬೆಳಗಾವಿ ಭಾಗಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಶಾಲೆಯ ಭಾಷೆ ಬಹುಮಟ್ಟಿಗೆ ಮರಾಠಿಯಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ ಕನ್ನಡ ಶಾಲೆಗಳು ನೆಲೆಗೊಳ್ಳುವವರೆಗೆ ಅಲ್ಲಿನ ಕನ್ನಡ ಬಾಲಕ ಮರಾಠಿಯ ಮೆಟ್ಟಿಲನ್ನು ಹತ್ತಿಯೇ ಇಂಗ್ಲಿಷನ್ನು ಮುಟ್ಟಬೇಕಾಗಿತ್ತು. ನಿಜಾಮರ ಆಡಳಿತದ ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಉರ್ದು ಆ ಸ್ಥಾನದಲ್ಲಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಮಾಧ್ಯಮ ಉರ್ದುವಾಗಿದ್ದು, ಇಂಗ್ಲಿಷು ಕಡ್ಡಾಯ ವಿಷಯವಾಗಿತ್ತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿನ ಕಡೆಗೆ ಮುಖ ಮಾಡಿದ್ದವು. ಮೈಸೂರು ಸಂಸ್ಥಾನಕ್ಕೆ ಮಾತ್ರ ತನ್ನದೇ ಆದ ವ್ಯವಸ್ಥೆಯಿತ್ತು.

ಈ ಬಾಗಿಲುಗಳ ಗುರುತು ಇಂದಿಗೂ ದಿನಬಳಕೆಯ ಮಾತಿನಲ್ಲಿ ಉಳಿದಿದೆ. ತಾಲ್ಲೂಕಿನ ಅಧಿಕಾರಿಯನ್ನು ಮೈಸೂರಿನವರು 'ಅಮಲ್ದಾರ' ಎಂದೂ, ಮುಂಬಯಿ ಕರ್ನಾಟಕದವರು 'ಮಾಮಲೇದಾರ' ಎಂದೂ, ಮದ್ರಾಸು ಮತ್ತು ಹೈದರಾಬಾದು ಭಾಗದವರು 'ತಹಸೀಲ್ದಾರ' ಎಂದೂ ಕರೆಯುತ್ತಿದ್ದರು. ಹಳೆಯ ಮೈಸೂರಿನವನು ಇಂಗ್ಲಿಷಿನ 'ಹಾಸ್ಪಿಟಲ್' ಎಂಬುದರ ಸಂಬಂಧಿಯಾದ 'ಆಸ್ಪತ್ರೆ'ಗೆ ಹೋದರೆ, ಉತ್ತರ ಕರ್ನಾಟಕದವನು ಪಾರಸೀ ಮೂಲದ 'ದವಾಖಾನೆ'ಗೆ ಹೋಗುತ್ತಿದ್ದನು. ಅಲ್ಲಿ 'ಲಾಟೀನು' ಬೆಳಗಿದರೆ ಇಲ್ಲಿ 'ಕಂದೀಲು' ಬೆಳಗುತ್ತಿತ್ತು. ಪಾರಸೀ ಶಬ್ದ ಮೊದಲೇ ಬೇರೂರಿದ್ದ ಕಡೆ ಇಂಗ್ಲಿಷ್ ಶಬ್ದಕ್ಕೆ ತತ್ಕಾಲದಲ್ಲಿ ಜಾಗವಿರಲಿಲ್ಲ. ಕೇಳುವುದಕ್ಕೆ ಇಂಗ್ಲಿಷಿನಂತೆ ತೋರುವ 'ರಸೀದಿ' ವಾಸ್ತವವಾಗಿ ಪಾರಸೀ ಶಬ್ದ. 'ಅಲಮಾರು', 'ಚಾವಿ', 'ಪಾದ್ರಿ' ಇವು ಪೋರ್ತುಗೀಸಿನಿಂದ ಬಂದವು. ಆದ್ದರಿಂದ 'ಇಂಗ್ಲಿಷಿನಿಂದ ಬಂದ ಪದಗಳು' ಎಂದು ಪಟ್ಟಿ ಮಾಡುವ ಸಂಶೋಧಕನು ಮೊದಲು ಕೇಳಬೇಕಾದ ಪ್ರಶ್ನೆ, ಆ ಪದ ಯಾವ ಪ್ರದೇಶದ ಕನ್ನಡಿಗನ ಬಾಯಿಯಲ್ಲಿದೆ ಎಂಬುದು.

5

ಇನ್ನು ಪದಗಳು ಕನ್ನಡದ ರೂಪವನ್ನು ಪಡೆದ ಬಗೆ. ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಹಳೆಯ ಪರಿಚಯದವರನ್ನು ಕಂಡಂತಾಗುತ್ತದೆ. ಸಂಸ್ಕೃತದ ವ್ಯಂಜನಾಂತ ಪದಗಳು ಕನ್ನಡಕ್ಕೆ ಬರುವಾಗ ಕೊನೆಯ ವ್ಯಂಜನ ಇಮ್ಮಡಿಸಿ ಉಕಾರ ಸೇರುವುದುಂಟು: ದಿಕ್ಕು, ವಾಕ್ಕು, ಸಂಪತ್ತು, ಯಶಸ್ಸು. ಬಸ್ಸು, ಪೆನ್ನು, ಮಿಲ್ಲು, ಬಿಲ್ಲು ಎಂಬಲ್ಲಿ ಹ್ರಸ್ವಸ್ವರದ ಮುಂದೆ ಇಮ್ಮಡಿಸಿದ ವ್ಯಂಜನವೂ ಉಕಾರವೂ ಕಾಣಿಸುತ್ತವೆ. ಕಾರು, ರೈಲು, ಕೋಟು ಎಂಬಲ್ಲಿ ಹಿಂದಿನ ಸ್ವರ ಹ್ರಸ್ವವಲ್ಲದ್ದರಿಂದ ದ್ವಿತ್ವವಿಲ್ಲ, ಉಕಾರ ಮಾತ್ರ ಸಾಕಾಯಿತು. ಬಸ್ಸಿನ ಕಂಡಕ್ಟರಿಗೆ ವ್ಯಾಕರಣದ ಸೂತ್ರ ಗೊತ್ತಿರಬೇಕಾಗಿರಲಿಲ್ಲ. ಸೂತ್ರ ಅವನ ನಾಲಗೆಯಲ್ಲಿಯೇ ಇತ್ತು.

ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ತದ್ಭವವಾಗುವ ಬಗೆಗಳನ್ನು ನಿರೂಪಿಸುತ್ತಾನೆ. ಆ ಕಾಲದ ತದ್ಭವಗಳಲ್ಲಿ ಪದಾದಿಯ ಸಕಾರಯುಕ್ತ ಒತ್ತಕ್ಷರವು ಸಕಾರವನ್ನು ಕಳೆದುಕೊಳ್ಳುತ್ತದೆ: ಸ್ನೇಹವು ನೇಹವಾಯಿತು, ಸ್ಥಾನವು ತಾಣವಾಯಿತು. ಇಂಗ್ಲಿಷಿನ 'ಸ್ಕೂಲ್' ಹಾಗಾಗದೆ, ಮುಂದೆ ಇಕಾರವನ್ನು ಸೇರಿಸಿಕೊಂಡು 'ಇಸ್ಕೂಲು' ಆಯಿತು. ಹಿಂದುಸ್ತಾನಿಯಲ್ಲಿಯೂ ಇದೇ ಪ್ರವೃತ್ತಿಯಿದೆ. ತೊಡಕು ಹಳೆಯದೇ ಆದರೂ ಅದಕ್ಕೆ ನಾಲಗೆ ಕಂಡುಕೊಂಡ ಪರಿಹಾರ ಈಗ ಬೇರೆಯಾಗಿತ್ತು.

ಕ್ರಿಯಾಪದಗಳ ವಿಷಯದಲ್ಲಿ ಇನ್ನೊಂದು ಭೇದ ಕಾಣುತ್ತದೆ. ಸಂಸ್ಕೃತ ಶಬ್ದಗಳಿಗೆ 'ಇಸು' ಪ್ರತ್ಯಯ ಹತ್ತಿ ಭಾವಿಸು, ಸ್ತುತಿಸು ಎಂದಾದವು. ಅರಬ್ಬಿಯ 'ಬದಲ್' ಕೂಡ 'ಬದಲಿಸು' ಎಂದು ಈ ಸಾಲಿಗೆ ಸೇರಿತು. ಇಂಗ್ಲಿಷಿನ ಧಾತುಗಳಾದರೋ ಸಾಮಾನ್ಯವಾಗಿ 'ಇಸು' ಪ್ರತ್ಯಯವನ್ನು ಸ್ವೀಕರಿಸದೆ 'ಮಾಡು', 'ಆಗು' ಎಂಬ ಸಹಾಯದಿಂದ ನಡೆದವು: ಪಾಸಾಗು, ಫೇಲಾಗು, ಟ್ರೈ ಮಾಡು, ಅಡ್ಜಸ್ಟ್ ಮಾಡು. ಹಳಗನ್ನಡದ 'ಪೂಜೆಗೆಯ್' ಎಂಬಲ್ಲಿನ 'ಗೆಯ್' ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ 'ಮಾಡು' ಮಾಡುತ್ತಿದೆ. ಹೀಗೆ ಪದವು ಇಂಗ್ಲಿಷಿನದಾದರೂ ವಾಕ್ಯದ ಬೆನ್ನೆಲುಬು ಕನ್ನಡದ್ದಾಗಿಯೇ ಉಳಿಯಿತು. 'ಮಾಸ್ಟರ್', 'ಡಾಕ್ಟರ್' ಎಂಬ ಪದಗಳ ಕೊನೆಯ ರೇಫೆಗೆ ಉಕಾರ ಸೇರಿದಾಗ ಅದು ಕನ್ನಡದ ಗೌರವ ಬಹುವಚನದ 'ರು' ಪ್ರತ್ಯಯದಂತೆಯೇ ಕೇಳಿಸಿತು. 'ಮೇಷ್ಟ್ರು ಬಂದರು', 'ಡಾಕ್ಟ್ರು ಹೇಳಿದರು' ಎನ್ನುವಾಗ ಆ ಪದಗಳಲ್ಲಿಯೇ ಗೌರವ ಅಡಗಿರುವಂತೆ ತೋರುವುದು ಈ ಸುಯೋಗದಿಂದ.

6

ನುಡಿಗಟ್ಟುಗಳ ಕಥೆ ಇಷ್ಟು ಸುಗಮವಾದುದಲ್ಲ. ಶಾಲೆಯಲ್ಲಿ ಕನ್ನಡಿಗ ಬಾಲಕ ಕಲಿತ ಮೊದಲ ಪೂರ್ಣ ಇಂಗ್ಲಿಷ್ ವಾಕ್ಯಗಳು ಅನೇಕ ವೇಳೆ ರಜಾ ಅರ್ಜಿಯವು. 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್' ಎಂಬ ವಾಕ್ಯವನ್ನು ಜ್ವರ ಬಂದವನೂ ಬರೆದ, ಮದುವೆಗೆ ಹೋದವನೂ ಬರೆದ. ಅದರ ಕೊನೆಗೆ 'ಯುವರ್ಸ್ ಒಬೀಡಿಯಂಟ್ಲಿ' ಬರಲೇಬೇಕಾಗಿತ್ತು. ಇದಕ್ಕೆ ಮೂಲವಾದ, 'ತಮ್ಮ ಅತ್ಯಂತ ವಿಧೇಯ ಸೇವಕ' ಎಂಬರ್ಥದ ಮುಕ್ತಾಯವನ್ನು ಇಂಗ್ಲಿಷ್ ಅಧಿಕಾರಿಗಳು ತಮ್ಮತಮ್ಮೊಳಗೆ ಬರೆದುಕೊಳ್ಳುವ ಸರ್ಕಾರಿ ಪತ್ರಗಳಲ್ಲಿಯೂ ಬಳಸುತ್ತಿದ್ದರು. ಅವರಿಗೆ ಅದು ಅರ್ಥ ಸವೆದುಹೋದ ಶಿಷ್ಟಾಚಾರ. ನಮ್ಮಲ್ಲಿ ಅದು ಬಂದು ಕೂಡಿದ್ದು ಶಾಸನಗಳ ಕಾಲದಿಂದಲೂ ನಡೆದುಬಂದ 'ಬಿನ್ನಪ'ದ ಪರಂಪರೆಯನ್ನು. ಬಿನ್ನಪ ಮಾಡುವವನು ಕೆಳಗೆ, ನಿರೂಪ ಕೊಡುವವನು ಮೇಲೆ ಎಂಬ ವ್ಯವಸ್ಥೆ ಜೀವಂತವಾಗಿದ್ದ ಕಡೆ 'ಸೇವಕ' ಎಂಬ ಪದದ ಅರ್ಥ ಸವೆಯಲಿಲ್ಲ. 1844ರಲ್ಲಿ ಹಾರ್ಡಿಂಜನ ಸರ್ಕಾರ ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ನೌಕರಿಯಲ್ಲಿ ಆದ್ಯತೆ ನೀಡುವುದಾಗಿ ಘೋಷಿಸಿದ ಮೇಲೆ ಅರ್ಜಿಯ ಭಾಷೆಯೇ ಇಂಗ್ಲಿಷಿನ ಮೊದಲ ಪಾಠವಾದುದರಲ್ಲಿ ಆಶ್ಚರ್ಯವಿಲ್ಲ. ಬೇಡುವ ಭಂಗಿಯಲ್ಲಿಯೇ ನಾವು ಆ ಭಾಷೆಯ ವಾಕ್ಯಗಳನ್ನು ಕಲಿತೆವು.

ಆದರೆ ಇದೊಂದೇ ಮುಖವನ್ನು ನೋಡಿ ತೀರ್ಮಾನಕ್ಕೆ ಬರುವುದು ಸಾಧುವಲ್ಲ. ಇಂಗ್ಲಿಷಿನಲ್ಲಿ 'ನೀನು', 'ನೀವು' ಎಂಬ ಭೇದವಿಲ್ಲ. ಕನ್ನಡಿಗನಿಗೆ ಈ ಅಭಾವ ಮುಜುಗರದ್ದಾಗಿತ್ತು. ಹಿರಿಯರನ್ನು 'ಯು' ಎಂದು ಕರೆಯುವುದು ಹೇಗೆ? ಅವನು ಪ್ರತಿ ವಾಕ್ಯದ ಕೊನೆಗೂ 'ಸರ್' ಎಂಬುದನ್ನು ಸೇರಿಸಿ ಆ ಕೊರತೆಯನ್ನು ತುಂಬಿಕೊಂಡನು. ಅಲ್ಲಿಂದ ಆ ಪದ 'ಸಾರ್' ಆಗಿ ಕನ್ನಡ ವಾಕ್ಯಕ್ಕೂ ಇಳಿಯಿತು: 'ಬನ್ನಿ ಸಾರ್', 'ಕೂತ್ಕೊಳ್ಳಿ ಸಾರ್'. ಇದನ್ನು ದಾಸ್ಯದ ಕುರುಹೆಂದು ಹಳಿಯುವವರಿದ್ದಾರೆ. ನಾವು ಅದನ್ನು ಬೇರೆ ಬಗೆಯಲ್ಲಿ ನೋಡಬೇಕೆಂದು ಸೂಚಿಸುತ್ತೇವೆ. 'ಸಾರ್' ಯಾವ ಪದಗಳ ಜಾಗಕ್ಕೆ ಬಂತು? 'ಬುದ್ಧೀ', 'ಒಡೆಯಾ', 'ಧಣೀ' ಎಂಬವುಗಳ ಜಾಗಕ್ಕೆ. ಈ ಹಳೆಯ ಸಂಬೋಧನೆಗಳು ಆಡುವವನ ಜಾತಿಯನ್ನೂ ಆಡಿಸಿಕೊಳ್ಳುವವನ ಜಾತಿಯನ್ನೂ ಒಟ್ಟಿಗೆ ಸಾರಿ ಹೇಳುತ್ತಿದ್ದವು. ಜಮೀನುದಾರನ ಎದುರು 'ಬುದ್ಧೀ' ಎಂದು ಕೈಕಟ್ಟಿ ನಿಲ್ಲುತ್ತಿದ್ದವನ ಮಗ ಕಛೇರಿಯ ಗುಮಾಸ್ತನನ್ನು 'ಸಾರ್' ಎಂದ. ಅದೇ ಗುಮಾಸ್ತ ತನ್ನ ಮೇಲಧಿಕಾರಿಯನ್ನು ಅದೇ ಪದದಿಂದ ಕರೆದ. ಮುಂದೆ ಆ ಮಗನೇ ಶಾಲೆಯ ಉಪಾಧ್ಯಾಯನಾದಾಗ ಜಮೀನುದಾರನ ಮೊಮ್ಮಗನೂ ಅವನನ್ನು 'ಸಾರ್' ಎಂದೇ ಕರೆಯಬೇಕಾಯಿತು. ಪದ ಹುದ್ದೆಗೆ ಸಲ್ಲುತ್ತದೆ, ಹುಟ್ಟಿಗಲ್ಲ. ಸಂಬೋಧನೆಯೆಂಬುದು ಸಾಮಾಜಿಕ ಪ್ರಶ್ನೆಯೆಂಬ ಸಂಗತಿ ವಚನ ಸಾಹಿತ್ಯವನ್ನು ಓದಿದವರಿಗೆ ಹೊಸದಲ್ಲ. ಆ ಪ್ರಶ್ನೆಗೆ ದೊರೆತ ಅರೆಬರೆಯ ಉತ್ತರಗಳಲ್ಲಿ 'ಸಾರ್' ಕೂಡ ಒಂದೆಂದು ನಾವು ತಿಳಿಯುತ್ತೇವೆ.

'ಥ್ಯಾಂಕ್ಸ್', 'ಸಾರಿ', 'ಪ್ಲೀಸ್' ಎಂಬವುಗಳಿಗೂ ಇದೇ ವಿಚಾರ ಅನ್ವಯಿಸುತ್ತದೆ. ಕನ್ನಡದಲ್ಲಿ ವಿನಯವು ಕ್ರಿಯಾಪದದ ಒಳಗೇ ಇದೆ. 'ಕೊಡಿ' ಎಂದಾಗ 'ದಯವಿಟ್ಟು' ಅದರಲ್ಲಿ ಸೇರಿರುತ್ತದೆ. 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನುವುದರಲ್ಲಿ, 'ಊಟ ಆಯಿತೇ' ಎಂಬ ವಿಚಾರಣೆಯಲ್ಲಿ ಸೌಜನ್ಯವೆಲ್ಲ ಅಡಗಿದೆ. ಆದರೆ ಈ ಸೌಜನ್ಯ ಪರಿಚಿತರ ನಡುವಿನದು. ಜಾತಿ, ಊರು, ನಂಟು ಯಾವುದೂ ಗೊತ್ತಿಲ್ಲದ ಅಪರಿಚಿತರು ಬಸ್ಸಿನಲ್ಲಿ ಒಬ್ಬರ ಕಾಲನ್ನೊಬ್ಬರು ತುಳಿಯುವ ಪ್ರಸಂಗ ನಗರದ ಸೃಷ್ಟಿ. ಅಲ್ಲಿ 'ಸಾರಿ' ಉಪಯೋಗಕ್ಕೆ ಬಂತು. 'ಕ್ಷಮಿಸಿ' ಎಂಬುದು ತೀರ ಗಂಭೀರವಾಗಿ ಕೇಳಿಸುತ್ತಿತ್ತು.

7

ಈ ನಗರದ ಅನುಭವ ಹೊರನಾಡಿನ ಕನ್ನಡಿಗರಿಗೆ ಎಲ್ಲರಿಗಿಂತ ತೀವ್ರವಾಗಿ ಆದುದು. ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ದುಡಿದ ಹುಡುಗರು ಹಗಲು ಟೇಬಲ್ಲು ಒರೆಸಿ, ರಾತ್ರಿ ಕನ್ನಡಿಗರ ಸಂಘಗಳು ನಡೆಸುತ್ತಿದ್ದ ರಾತ್ರಿಶಾಲೆಗಳಲ್ಲಿ ಓದಿದರು. ಅವರಲ್ಲಿ ಅನೇಕರಿಗೆ ಮನೆಯ ಮಾತು ತುಳು ಅಥವಾ ಕೊಂಕಣಿ, ಶಾಲೆಯ ಮಾತು ಕನ್ನಡ, ಬೀದಿಯ ಮಾತು ಹಿಂದಿ ಮರಾಠಿ. ಇಂಗ್ಲಿಷು ಅವರಿಗೆ ನಾಲ್ಕನೆಯದೋ ಐದನೆಯದೋ ಭಾಷೆ. ಅವರು ಅದನ್ನು ಕಿವಿಯಿಂದ, ಗಿರಾಕಿಯ ಬಾಯಿಂದ ಕಲಿತರು, ಕಲಿತ ಕೂಡಲೇ ಬಳಸಿದರು.

ಈ ಕಲಿಕೆಯಲ್ಲಿ ಪದಗಳ ಅರ್ಥ ಸ್ವತಂತ್ರವಾಗಿ ಬೆಳೆಯಿತು. 'ಹೋಟೆಲ್' ಎಂದರೆ ಇಂಗ್ಲಿಷಿನಲ್ಲಿ ತಂಗುವ ಸ್ಥಳ. ನಮಗೆ ಮುಖ್ಯವಾಗಿ ತಿನ್ನುವ ಸ್ಥಳ. 'ಪಾರ್ಸೆಲ್' ಎಂದರೆ ಅಂಚೆಯ ಕಟ್ಟಲ್ಲ, ಮನೆಗೆ ಕಟ್ಟಿಸಿಕೊಂಡು ಹೋಗುವ ತಿಂಡಿ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದಕ್ಕೆ ಬೆಂಗಳೂರಿನವರು ಗಣಿತದ ಭಿನ್ನರಾಶಿಯಿಂದ 'ಬೈ ಟೂ' ಎಂಬ ನುಡಿಯನ್ನು ಪಡೆದರು. ಮುಂಬಯಿಯವರು ಅರ್ಧ ಲೋಟ ಚಹಕ್ಕೆ 'ಕಟಿಂಗ್' ಎಂದರು. ಎರಡೂ ಪದಗಳು ಇಂಗ್ಲಿಷಿನವು, ಎರಡೂ ಬಳಕೆಗಳು ಇಂಗ್ಲಿಷಿನವಲ್ಲ. ಇವುಗಳನ್ನು ತಪ್ಪೆಂದು ತಿದ್ದುವುದು ಸುಲಭ. ಆದರೆ ಅರ್ಧ ಕಾಫಿಗೆ ಮಾತ್ರ ದುಡ್ಡಿದ್ದವರು, ಆ ಕೊರತೆಯನ್ನು ನಾಚಿಕೆಯಿಲ್ಲದೆ ಹೇಳಲು ಕಂಡುಕೊಂಡ ಮಾತು ಇದು ಎಂಬುದನ್ನು ಮರೆಯಬಾರದು.

ಸಾಹಿತ್ಯದಲ್ಲಿ ಇಂಥ ಮಾತಿಗೆ ಮನ್ನಣೆ ಕೊಟ್ಟವರಲ್ಲಿ ಟಿ.ಪಿ. ಕೈಲಾಸಂ ಅವರು ಮೊದಲಿಗರು. ಅವರ ನಾಟಕಗಳಲ್ಲಿನ ಕನ್ನಡ–ಇಂಗ್ಲಿಷ್ ಮಿಶ್ರಿತ ಸಂಭಾಷಣೆಯನ್ನು ನಾವು ಹಾಸ್ಯವೆಂದೇ ಓದುತ್ತ ಬಂದಿದ್ದೇವೆ. ಹಳೆಯ ಮೈಸೂರಿನ ಮಧ್ಯಮವರ್ಗ ಇಂಗ್ಲಿಷನ್ನು ಹೇಗೆ ನುಂಗಿತು ಎಂಬುದಕ್ಕೆ ಅವು ಆಕರಗಳೂ ಹೌದು. ಆದರೆ ಕೈಲಾಸಂ ಕೇಳಿಸಿಕೊಂಡದ್ದು ವಕೀಲರ, ಗುಮಾಸ್ತರ, ವಿದ್ಯಾರ್ಥಿಗಳ ಮಾತನ್ನು. ಮುಂಬಯಿಯ ಹೋಟೆಲಿನ ಮಾಣಿಯ, ಪುಣೆಯ ಕಾರ್ಖಾನೆಯ ಕಾರ್ಮಿಕನ, ಚೆನ್ನೈನ ಅಂಗಡಿಯ ಸಹಾಯಕನ, ದೆಹಲಿಯ ಸರ್ಕಾರಿ ವಸತಿಗೃಹಕ್ಕೆ ಬಂದಿಳಿದ ಗೃಹಿಣಿಯ ಇಂಗ್ಲಿಷಿಗೆ ಅಂಥ ನಾಟಕಕಾರ ದೊರೆಯಲಿಲ್ಲ.

8

ಈ ಚರ್ಚೆಯಿಂದ ಹೊರಡುವ ನಿಲುವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಇಂಗ್ಲಿಷನ್ನು ಪದಗಳ ಪಟ್ಟಿಯಾಗಿ ಕಲಿತ ಕನ್ನಡಿಗನು ಆ ಭಾಷೆಯನ್ನು ಓದಬಲ್ಲವನಾದ. ಅರ್ಜಿಯಾಗಿ ಕಲಿತವನು ಅದರಲ್ಲಿ ಬೇಡಬಲ್ಲವನಾದ. ಬೀದಿಯಲ್ಲಿ ಕಲಿತವನು ಅದರಲ್ಲಿ ಬದುಕಬಲ್ಲವನಾದ. ಮೂರನ್ನೂ ಒಂದೇ 'ಇಂಗ್ಲಿಷ್ ಶಿಕ್ಷಣ'ದ ಚರಿತ್ರೆಯೆಂದು ಕರೆಯುವುದು ಸರಿಯಾಗಲಾರದು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ವಿಷಯವಾಗಿ ಬಂದಿದೆ. 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಅನಂತರ ಮಾಧ್ಯಮದ ಚರ್ಚೆಯ ಸ್ವರೂಪವೂ ಬದಲಾಗಿದೆ. ಈ ಚರ್ಚೆಗಳಲ್ಲಿ ಎಷ್ಟು ಬೇಗ ಕಲಿಸಬೇಕು ಎಂಬುದನ್ನು ಕುರಿತು ವಾದಿಸುವವರು ಯಾವ ಭಂಗಿಯಲ್ಲಿ ಕಲಿಸಬೇಕು ಎಂಬುದನ್ನು ಕೇಳುವುದು ಅಪರೂಪ. ಮಗುವಿಗೆ ಮೊದಲು ಕಲಿಸುವ ಇಂಗ್ಲಿಷ್ ವಾಕ್ಯ ಇಂದಿಗೂ ಅಪ್ಪಣೆ ಬೇಡುವ ವಾಕ್ಯವೇ ಆಗಿದ್ದರೆ ನಾವು ಅರ್ಜಿಯಿಂದ ಬಹಳ ದೂರ ಬಂದಿಲ್ಲವೆಂದೇ ಹೇಳಬೇಕಾಗುತ್ತದೆ.

ಹೊರನಾಡಿನಲ್ಲಿ ಕೆಲಸ ಮಾಡುತ್ತಿರುವ ಸಂಶೋಧಕರಲ್ಲಿ ನಮ್ಮ ವಿನಂತಿ ಇಷ್ಟೆ. ನಿಘಂಟುಗಳು ಗ್ರಂಥಾಲಯಗಳಲ್ಲಿ ಭದ್ರವಾಗಿವೆ, ಅವು ಕಾಯಬಲ್ಲವು. ಕಿವಿಯಿಂದ ಇಂಗ್ಲಿಷ್ ಕಲಿತ ಹಿರಿಯರು ಕಾಯಲಾರರು. ತಮ್ಮ ನಗರದ ಕನ್ನಡ ಸಂಘಗಳಲ್ಲಿ, ಹಳೆಯ ರಾತ್ರಿಶಾಲೆಗಳ ವಿದ್ಯಾರ್ಥಿಗಳಲ್ಲಿ, ಮುಚ್ಚಿದ ಗಿರಣಿಗಳ ನಿವೃತ್ತ ಕೆಲಸಗಾರರಲ್ಲಿ ವಿಚಾರಿಸಿ, ಅವರು ಕಲಿತ ಮೊದಲ ಇಂಗ್ಲಿಷ್ ಮಾತು ಯಾವುದು, ಯಾರಿಂದ ಕೇಳಿದರು, ಯಾರೊಡನೆ ಮೊದಲು ಆಡಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರಗಳನ್ನು ಬರೆದಿಟ್ಟುಕೊಳ್ಳಬೇಕು. ಉತ್ತರ ಒಂದೇ ವಾಕ್ಯದ್ದಾದರೂ ಸರಿ. ಮಂಗರಾಜನು ತನ್ನ ಕಾಲದ ಪದಗಳನ್ನು ಪೋಣಿಸಿಟ್ಟಂತೆ ನಮ್ಮ ಕಾಲದ ಮಾತುಗಳನ್ನು ಅದನ್ನು ಆಡಿದವರ ನೆನಪಿನೊಡನೆ ಉಳಿಸಿಕೊಂಡರೆ, ಮುಂದೆ ಈ ಚರಿತ್ರೆಯನ್ನು ಪೂರ್ಣವಾಗಿ ಬರೆಯುವವರಿಗೆ ಆಧಾರವಾದರೂ ದೊರೆಯುತ್ತದೆ.